ದೊಡ್ಡಮ್ಮನ ಹೊಸ ಹಲ್ಲು, ಮಾವನ ಹಳೆ ಕಿವಿ

2015ನೇ ಇಸವಿ ಮಾರ್ಚ್ 11, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ದೊಡ್ಡಮ್ಮ ಕೈಗನ್ನಡಿ ಹಿಡಿದು ನಕ್ಕರು. ಬಾಯಿಗೆ ಕೈ ಅಡ್ಡ ಇಡದೆ ಅವರು ನಕ್ಕಿದ್ದು ಅದೇ ಮೊದಲು. ಕುರ್ಚಿಯ ಪಕ್ಕದಲ್ಲಿ ನಿಂತಿದ್ದ ಹಲ್ಲಕ್ಕ ಗೋಡೆಯ ಗಡಿಯಾರ ನೋಡಿಕೊಂಡಳು. ಪ್ಲಾಸ್ಟರ್ ಗಟ್ಟಿಯಾಗುವುದನ್ನೂ ಮೇಣ ಕರಗುವುದನ್ನೂ ಕಾಯುತ್ತಲೇ ಬದುಕು ಸಾಗಿಸಿದವರಿಗೆ ಸಂತೋಷವಾದರೂ ಕಣ್ಣು ಮೊದಲು ಗಡಿಯಾರದ ಕಡೆಗೇ ಹೋಗುತ್ತದೆ.

"ಹೇಗಿದೆ ದೊಡ್ಡಮ್ಮ?"

"ಇದು ಯಾರ ಬಾಯೇ? ನನ್ನದು ಅಂತ ಹೇಳಿದ್ರೆ ಕನ್ನಡಿಯೂ ನಂಬಲ್ಲ."

ಮುಂದಿನ ಕೋಣೆಯಲ್ಲಿ ಬಾಯಿ ನೋಡುವ ಡಾಕ್ಟರಮ್ಮ, ಹಲ್ಲಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಕೈಗವಸು ಕಳಚುತ್ತಾ ಹೇಳಿದಳು: "ಅಕ್ಕ, ಇಷ್ಟು ಚೆಂದದ ಹಲ್ಲಿನ ಸೆಟ್ ನಾನು ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲೂ ನೋಡಿಲ್ಲ."

ಹಲ್ಲಕ್ಕ ಎನ್ನುವುದು ಹುಟ್ಟುಹೆಸರಲ್ಲ. ಚರ್ಚಿನ ಭಾನುವಾರದ ಶಾಲೆಯ ಮಕ್ಕಳು ಇಟ್ಟದ್ದು. ಆ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆ ಅವಳ ಲ್ಯಾಬು. ಡಾಕ್ಟರಮ್ಮ ಬಾಯಿಯ ಅಚ್ಚು ತೆಗೆದು ಹಿಂದಕ್ಕೆ ಕಳಿಸುತ್ತಾಳೆ. ಅದರಲ್ಲಿ ಪ್ಲಾಸ್ಟರ್ ಹೊಯ್ದರೆ ಯಾರದೋ ವಸಡು ಬಿಳಿಕಲ್ಲಿನ ಹಾಗೆ ಮೇಜಿನ ಮೇಲೆ ಕೂರುತ್ತದೆ. ಅದರ ಮೇಲೆ ಮೇಣ, ಮೇಣದಲ್ಲಿ ಸಾಲಾಗಿ ಹಲ್ಲು, ಕೊನೆಗೆ ಮೇಣ ಹೋಗಿ ಗುಲಾಬಿ ಬಣ್ಣದ ಅಕ್ರಿಲಿಕ್. ಆ ವಸಡಿನ ಯಜಮಾನರ ಮುಖವನ್ನು ಅವಳು ನೋಡುವುದೇ ಅಪರೂಪ. ಪ್ಲಾಸ್ಟರ್ ಬಿಡಿಸಿದ ಕೂಡಲೇ ಅದರ ಮೇಲೆ ಎರಡು ಬೆರಳಿಟ್ಟು, "ಪ್ರಭುವೇ, ಈ ಬಾಯಿಗೆ ಊಟ ಕೊಡು, ಒಳ್ಳೆ ಮಾತು ಕೊಡು" ಎಂದು ಒಂದೇ ಸಾಲಿನಲ್ಲಿ ಪ್ರಾರ್ಥಿಸುತ್ತಾಳೆ. ಇದು ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ.

ಚರ್ಚಿನಲ್ಲಿ ವರಗಳ ಮಾತು ಬಂದಾಗಲೆಲ್ಲ ಹಲ್ಲಕ್ಕ ತಲೆ ತಗ್ಗಿಸಿ ಕೂರುತ್ತಿದ್ದಳು. ಒಬ್ಬರಿಗೆ ಹಾಡುವ ವರ, ಒಬ್ಬರಿಗೆ ಬೋಧಿಸುವ ವರ. ಅವಳು ಗಾಯನ ಮಂಡಳಿಗೆ ಸೇರಿದ ತಿಂಗಳೇ ಹಾಡು ಕಲಿಸುವ ಮಾಸ್ತರು ಬದಿಗೆ ಕರೆದು, "ತಾಯಿ, ನೀನು ಬಾಯಿ ಮಾತ್ರ ಆಡಿಸು, ದನಿ ದೇವರಿಗೆ ಬಿಟ್ಟುಬಿಡು" ಎಂದಿದ್ದರು. ಅಂದಿನಿಂದ ಅವಳು ಹಿಂದಿನ ಸಾಲಿನವಳು.

ದೊಡ್ಡಮ್ಮನ ಮಾತು ಬೇರೆ. ಅವರು ಹಲ್ಲಕ್ಕನ ತಾಯಿಯ ಅಕ್ಕ. ಮದುವೆಯಾಗದೆ, ಶಾಲೆಯಲ್ಲಿ ಪಾಠ ಹೇಳುತ್ತಾ, ತಾಯಿಯಿಲ್ಲದ ಈ ಹುಡುಗಿಯನ್ನು ಸಾಕಿದವರು. ಅವರ ವರ ಓದುವುದು. ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ ಮಂಚದಿಂದ ಮಂಚಕ್ಕೆ ಹೋಗಿ ಬೈಬಲಿನ ಕೀರ್ತನೆ ಓದುತ್ತಿದ್ದರು. ಜ್ವರದಲ್ಲಿ ಸುಡುವ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗಿತ್ತು ಅವರ ಓದು. ಕೇಳಿದವರ ನೋವು ಹೋಗದಿದ್ದರೂ ಸಿಡುಕು ಹೋಗುತ್ತಿತ್ತು ಎಂದು ನರ್ಸುಗಳು ಹೇಳುತ್ತಿದ್ದರು.

ಕೊನೆಯ ಮಂಚ ಅವರ ತಮ್ಮನದು. ಹಲ್ಲಕ್ಕನಿಗೆ ಸೋದರಮಾವ, ಊರಿಗೆಲ್ಲ ರೇಡಿಯೋ ಮಾವ. ಕೆಟ್ಟ ರೇಡಿಯೋವನ್ನು ಬಿಚ್ಚುವ ಮೊದಲು ಕಿವಿಗೊಟ್ಟು ರೋಗ ಹೇಳುತ್ತಿದ್ದವರು. ಈಗ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು, ನೆನಪೂ ಹಿಡಿಮರಳಿನಂತೆ ಸೋರುತ್ತಿತ್ತು. ಉಳಿದದ್ದು ಕಿವಿ. ಆ ಕಿವಿಗೆ ದಿನವೂ ಅಕ್ಕನ ದನಿ ಬಿದ್ದರೆ ಅವರಿಗೆ ಬೆಳಗಾದ ಹಾಗೆ.

ದೊಡ್ಡಮ್ಮನ ವಸಡು ಕೆಟ್ಟು ಹಲ್ಲುಗಳನ್ನೆಲ್ಲ ತೆಗೆಸಬೇಕಾಗಿ ಬಂದದ್ದು ಡಿಸೆಂಬರಿನಲ್ಲಿ. ಗಾಯ ಮಾಗುವ ತನಕ ಅವರು ಮನೆಯಿಂದ ಹೊರಗೆ ಬರಲಿಲ್ಲ. "ಬೊಚ್ಚುಬಾಯಲ್ಲಿ ಕೀರ್ತನೆ ಓದಿದ್ರೆ ದೇವರಿಗೂ ನಗು ತಡೆಯೋಕೆ ಆಗಲ್ಲ" ಎಂದುಬಿಟ್ಟರು. ಬದಲಿಗೆ ಹಲ್ಲಕ್ಕ ವಾರ್ಡಿಗೆ ಹೋಗಿ ಮಾವನಿಗೆ ಊಟ ಮಾಡಿಸಿ ಬರುತ್ತಿದ್ದಳು. ಅಕ್ಕ ಎಲ್ಲಿ ಎಂದು ಅವರು ಕೇಳುವರು. ಹಲ್ಲು ಕಟ್ಟಿಸುತ್ತಿದ್ದೇವೆ ಎಂದು ಇವಳು ಹೇಳುವಳು. ಮರುದಿನ ಮತ್ತೆ ಅದೇ ಪ್ರಶ್ನೆ.

ಹೀಗಿರುವಾಗ ದೊಡ್ಡಮ್ಮನ ಅಚ್ಚು ಅವಳ ಮೇಜಿಗೆ ಬಂದಿತ್ತು. ಇಪ್ಪತ್ತು ವರ್ಷದ ಕೆಲಸದಲ್ಲಿ ಮೊದಲ ಬಾರಿಗೆ ಒಂದು ವಸಡಿನ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡಮ್ಮನ ಮುಂದಿನ ಎರಡು ಹಲ್ಲುಗಳ ನಡುವೆ ಹುಟ್ಟಿನಿಂದ ಒಂದು ಕಿಂಡಿ ಇತ್ತು. ಶಾಲೆಯಲ್ಲಿ ಜೊತೆಯವರು ಕಿಂಡಿಬಾಯಿ ಎನ್ನುತ್ತಿದ್ದರಂತೆ. ಮನೆಯ ಯಾವ ಫೋಟೋದಲ್ಲೂ ಅವರು ನಕ್ಕಿಲ್ಲ. ನಕ್ಕರೆ ಬಾಯಿಯ ಮೇಲೆ ಕೈ. ಹಲ್ಲಕ್ಕ ಆ ಕಿಂಡಿಯನ್ನು ಮುಚ್ಚಿದಳು. ದೊಡ್ಡಮ್ಮ ಕೇಳಿರಲಿಲ್ಲ. ಕೇಳದೆ ಕೊಟ್ಟರೆ ತಾನೇ ಉಡುಗೊರೆ? ಎರಡು ಬೆರಳಿಟ್ಟು ಅವಳು ಆ ಸಲ ಪ್ರಾರ್ಥಿಸಿದ್ದು, "ಪ್ರಭುವೇ, ಚೆಂದ ಕಾಣಲಿ" ಎಂದು.

ಚೆಂದವೇ ಕಂಡಿತು. ಭಾನುವಾರ ಆರಾಧನೆ ಮುಗಿದ ಮೇಲೆ ಹೆಂಗಸರೆಲ್ಲ ದೊಡ್ಡಮ್ಮನನ್ನು ಸುತ್ತಿಕೊಂಡರು. "ಇನ್ನೊಂದ್ಸಲ ನಗಿ, ಇನ್ನೊಂದ್ಸಲ ನಗಿ" ಎಂದು ಮದುಮಗಳನ್ನು ಕಾಡಿದ ಹಾಗೆ ಕಾಡಿದರು. ಪಾಸ್ಟರ್ ಹಲ್ಲಕ್ಕನ ಕೈ ಹಿಡಿದು, "ಈ ಬೆರಳಲ್ಲಿ ಇಂಥ ವರ ಇಟ್ಕೊಂಡು ಹಿಂದಿನ ಸಾಲಲ್ಲಿ ಅಡಗಿ ಕೂತಿದ್ದೀಯಲ್ಲಮ್ಮ" ಎಂದರು. ಅವಳ ಕಿವಿ ಕೆಂಪಾಯಿತು. ಮಧ್ಯಾಹ್ನ ಇಬ್ಬರೂ ವಾರ್ಡಿಗೆ ಹೊರಟಾಗ ಅವಳ ಕಾಲು ನೆಲದ ಮೇಲೆ ಇರಲಿಲ್ಲ.

ವಾರ್ಡಿನ ಕಿಟಕಿಯ ಪಕ್ಕ ಮಾವ ಎದ್ದು ಕೂತಿದ್ದರು. ದೊಡ್ಡಮ್ಮ ಸ್ಟೂಲು ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಅವರಿಗೆ ಇಷ್ಟವಾದ ಕೀರ್ತನೆಯನ್ನು ಕೊನೆಯ ತನಕ ಓದಿದರು. ಮಾವ ಕತ್ತು ಒಂದು ಕಡೆ ವಾಲಿಸಿ ಪೂರ್ತಿ ಕೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೈಮುಗಿದರು.

"ಚೆನ್ನಾಗಿ ಓದಿದ್ರಿ ಅಮ್ಮ. ತಾವು ಯಾವ ಚರ್ಚಿನವರು?"

ದೊಡ್ಡಮ್ಮ ನಕ್ಕರು. "ತಮಾಷೆ ಸಾಕು ಕಣೋ. ನಾನು, ಅಕ್ಕ."

"ಯಾರ ಅಕ್ಕ?"

"ನಿನ್ನ ಅಕ್ಕ! ಇನ್ಯಾರ ಅಕ್ಕ ಬಂದು ನಿನ್ನ ಮುಂದೆ ಕೂರ್ತಾಳೆ?"

ಮಾವನ ಮುಖದ ಮೇಲಿನ ನಯ ನಿಧಾನವಾಗಿ ಇಳಿಯಿತು. ಕೈ ಮುಂದೆ ಚಾಚಿ ದೊಡ್ಡಮ್ಮನ ಕೆನ್ನೆ ಮುಟ್ಟಿ ನೋಡಿದರು. "ನಮ್ಮಕ್ಕನ ಕೆನ್ನೆ ಒಳಗೆ ಹೋಗಿದೆ. ನಿಮ್ಮದು ಬನ್ನು ಇದ್ದ ಹಾಗಿದೆ." ಮತ್ತೆ ಹಲ್ಲಕ್ಕ ನಿಂತ ಕಡೆಗೆ ತಿರುಗಿದರು. "ಏನೇ ಹುಡುಗಿ, ಅಕ್ಕ ಹೋಗಿಬಿಟ್ಲಾ? ನನಗೆ ಗೊತ್ತಾಗಬಾರದು ಅಂತ ಯಾರನ್ನೋ ಕರ್ಕೊಂಡು ಬಂದ್ಯಾ?"

"ಮಾವ, ದೇವರಾಣೆಗೂ ಇದು ದೊಡ್ಡಮ್ಮನೇ. ಹೊಸ ಹಲ್ಲು ಅಷ್ಟೇ."

"ರೇಡಿಯೋಗೆ ಹೊಸ ಪೆಟ್ಟಿಗೆ ಹಾಕಿದ್ರೆ ದನಿ ಬದಲಾಗಲ್ಲ ಕಣೇ. ನಾನು ಕುರುಡ, ಕಿವುಡ ಅಲ್ಲ."

ಅವರು ಗೋಡೆಯ ಕಡೆ ಮಗ್ಗುಲಾದರು. ಅಳುವ ಸದ್ದು ಕೇಳದ ಹಾಗೆ ಹೊದಿಕೆ ಎಳೆದುಕೊಂಡರು. ಬದುಕಿರುವ ದೊಡ್ಡಮ್ಮ, ತಾವೇ ಸತ್ತುಹೋದದ್ದಕ್ಕೆ ತಮ್ಮ ಅಳುವುದನ್ನು ಸ್ಟೂಲಿನ ಮೇಲೆ ಕೂತು ನೋಡಿದರು.

ನಡೆದದ್ದನ್ನು ಮರೆತುಬಿಡುವ ಮನುಷ್ಯ ಆ ಒಂದನ್ನು ಮಾತ್ರ ಮರೆಯಲಿಲ್ಲ. ಸೋಮವಾರ ಊಟದ ತಟ್ಟೆ ಹಾಗೇ ಹಿಂದಕ್ಕೆ ಬಂತು. ಮಂಗಳವಾರವೂ ಬಂತು. ವಾರ್ಡಿನ ನರ್ಸು ಫೋನ್ ಮಾಡಿದಳು: "ಅಕ್ಕ ಇಲ್ಲದ ಮೇಲೆ ಯಾರಿಗೋಸ್ಕರ ತಿನ್ನಲಿ ಅಂತಾರೆ. ಸಕ್ಕರೆ ಬೇರೆ ಏರಿಳಿತಾ ಇದೆ. ನಾಳೆ ನಾಡಿದ್ದಕ್ಕೆ ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತೆ ಅಂತ ದೊಡ್ಡ ಡಾಕ್ಟರು ಹೇಳಿದ್ದಾರೆ."

ಬುಧವಾರ ಬೆಳಿಗ್ಗೆ ಲ್ಯಾಬಿನಲ್ಲಿ ಹಲ್ಲಕ್ಕ ಮೇಣದ ಚಾಕುವನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದಳು. ಡಾಕ್ಟರಮ್ಮ ಒಳಗೆ ಬಂದು ಎಲ್ಲವನ್ನೂ ಕೇಳಿದಳು.

"ದನಿ ಬದಲಾಗೋದು ಸಹಜ ಅಕ್ಕ. ಉಸಿರು ನಾಲಿಗೆ ತುದಿ ದಾಟಿ ಹಲ್ಲಿನ ಅಂಚಿಗೆ ತಾಗಿದಾಗ ತಾನೇ 'ಸ' ಹುಟ್ಟೋದು? ಅಂಚು ಬದಲಾಯ್ತು, ದನಿ ಬದಲಾಯ್ತು. ಆರೆಂಟು ವಾರದಲ್ಲಿ ನಾಲಿಗೆ ತಾನೇ ಒಗ್ಗಿಕೊಳ್ಳುತ್ತೆ."

"ಮಾವನ ಹತ್ರ ಆರೆಂಟು ವಾರ ಇಲ್ಲ ಡಾಕ್ಟರಮ್ಮ."

"ಹಾಗಾದ್ರೆ ಹಳೇ ಹಲ್ಲು ಹೇಗಿತ್ತೋ ಹಾಗೇ ಮಾಡಬೇಕು. ಕಿಂಡಿ ಎಷ್ಟು ಅಗಲ ಇತ್ತು?"

ಅದೇ ಗೊತ್ತಿರಲಿಲ್ಲ. ಹಳೆ ಹಲ್ಲುಗಳಿದ್ದಾಗಿನ ಅಚ್ಚನ್ನು ಯಾರೂ ತೆಗೆದಿರಲಿಲ್ಲ. ಫೋಟೋಗಳಲ್ಲೆಲ್ಲ ತುಟಿ ಮುಚ್ಚಿತ್ತು. ಜೀವಮಾನವೆಲ್ಲ ನೋಡಿದ ಕಿಂಡಿಯ ಅಳತೆಯನ್ನು ಹಲ್ಲಕ್ಕ ಒಮ್ಮೆಯೂ ತೆಗೆದುಕೊಂಡಿರಲಿಲ್ಲ. ಕಂಡದ್ದೆಲ್ಲ ಅಳೆಯುವವಳು ಪ್ರೀತಿಸಿದ್ದನ್ನು ಅಳೆದಿರಲಿಲ್ಲ.

"ಕಣ್ಣಳತೆ ಸಾಲದು," ಎಂದಳು ಡಾಕ್ಟರಮ್ಮ, ಸ್ವಲ್ಪ ಯೋಚಿಸಿ. "ಕೂದಲೆಳೆ ತಪ್ಪಿದ್ರೂ ದನಿ ಬೇರೆ. ಆದ್ರೆ ಅಳತೆ ಗೊತ್ತಿರೋ ಒಬ್ಬರಿದ್ದಾರಲ್ಲ. ಮೇಣದಲ್ಲಿ ಹಲ್ಲು ಕೂರಿಸಿ ವಾರ್ಡಿಗೇ ಹೋಗೋಣ. ನೀವು ಸರಿಸ್ತಾ ಹೋಗಿ, ಅವರು ಕೇಳಲಿ. ಬಾಯಿ ನಾನು ನೋಡ್ಕೋತೀನಿ."

ಹಲ್ಲಕ್ಕ ಅವಳ ಮುಖವನ್ನೇ ನೋಡಿದಳು. ಇಷ್ಟು ಸರಳವಾದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹೊಳೆಯದೆ ಹೋದದ್ದಕ್ಕೆ ಕಾರಣವೂ ಗೊತ್ತಿತ್ತು. ಆ ಹಲ್ಲಿನ ಸಾಲನ್ನು ಒಡೆಯುವ ಮನಸ್ಸು ಅವಳಿಗೆ ಇರಲಿಲ್ಲ.

ದೊಡ್ಡಮ್ಮನಿಗೆ ಇದನ್ನು ಹೇಳುವುದು ಇನ್ನೂ ಕಷ್ಟ. ಸಂಜೆ ಅವಳು ಹೋದಾಗ ಅವರು ಅಡುಗೆಮನೆಯ ಕಿಟಕಿಯ ಗಾಜಿನಲ್ಲಿ ತಮ್ಮನ್ನೇ ನೋಡಿಕೊಂಡು ನಿಂತಿದ್ದರು. ಹಲ್ಲಕ್ಕ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ, ಕೊನೆಗೆ ಸೇರಿಸಿದಳು: "ಇದೂ ಇರಲಿ ದೊಡ್ಡಮ್ಮ. ಎರಡು ಸೆಟ್ ಮಾಡ್ತೀನಿ. ಚರ್ಚಿಗೆ ಇದು, ಮಾವನಿಗೆ ಅದು."

"ಎರಡು ನಾಲಿಗೆಯವಳು ಅನ್ನೋ ಮಾತು ಕೇಳಿದ್ದೀನಿ. ಎರಡು ಬಾಯಿಯವಳು ಅಂತ ನನ್ನಿಂದ ಹೊಸ ಗಾದೆ ಹುಟ್ಟಿಸಬೇಡ." ಅವರು ಕುರ್ಚಿಯಲ್ಲಿ ಕುಕ್ಕರಿಸಿದರು. "ಒಂದು ವಾರ ನಾನು ಚೆಂದದವಳಾಗಿದ್ದೆ ಕಣೇ. ಸುಳ್ಳು ಯಾಕೆ ಹೇಳಲಿ, ಬಹಳ ಇಷ್ಟ ಆಗಿತ್ತು."

"ನಂಗೊತ್ತು."

"ಹಾಲಿನವನ ಮುಂದೆಯೂ ಸುಮ್ಸುಮ್ನೆ ನಕ್ಕೆ. ಏನಂದ್ಕೊಂಡ್ನೋ."

"ದೊಡ್ಡಮ್ಮ, ನಾನು ನಿನ್ನನ್ನ ಕೇಳಬೇಕಿತ್ತು, ಕಿಂಡಿ ಮುಚ್ಚೋ ಮೊದಲು."

"ಕೇಳಿದ್ರೆ ನಾನೂ ಮುಚ್ಚು ಅಂತಲೇ ಹೇಳ್ತಿದ್ದೆ. ತಪ್ಪನ್ನೆಲ್ಲ ನೀನೊಬ್ಬಳೇ ಬಾಚಿಕೋಬೇಡ, ನನಗೂ ಸ್ವಲ್ಪ ಬಿಡು." ಅವರು ಎದ್ದು, ಬಾಯಿಯಿಂದ ಸೆಟ್ ತೆಗೆದು, ತೊಳೆದು, ನೀರಿನ ಬಟ್ಟಲಿಗೆ ಹಾಕಿದರು. ಬೊಚ್ಚುಬಾಯಲ್ಲಿ ಹೇಳಿದ ಮುಂದಿನ ಮಾತು ಗಾಳಿಯಾಗಿ ಹೊರಬಂತು, ಆದರೂ ಅರ್ಥವಾಯಿತು: "ಓದೋಕೆ ಅಂತ ದೇವರು ಕೊಟ್ಟ ಬಾಯಿ ಇದು. ಕನ್ನಡಿಗೆ ಅಂತ ಕೊಟ್ಟಿದ್ದಲ್ಲ. ನಡಿ."

ಹಲ್ಲಕ್ಕ ವಸಡಿನ ಪ್ಲಾಸ್ಟರಿನ ಇನ್ನೊಂದು ಪ್ರತಿ ಇಟ್ಟುಕೊಂಡಿದ್ದಳು. ಅದರ ಮೇಲೆ ಮೇಣದಲ್ಲಿ ಹೊಸದಾಗಿ ಹಲ್ಲು ಜೋಡಿಸಿದಳು. ಗುರುವಾರ ಮಧ್ಯಾಹ್ನ ಮೂವರೂ ವಾರ್ಡಿಗೆ ಹೋದರು. ಪಕ್ಕದ ಮಂಚದಲ್ಲಿ ಆಮ್ಲಜನಕದ ಸಿಲಿಂಡರು ಇದ್ದುದರಿಂದ ಮೇಣ ಕರಗಿಸುವ ದೀಪ ಹಚ್ಚುವಂತಿರಲಿಲ್ಲ. ಮೇಣ ಮೆತ್ತಗೆ ಮಾಡಲು ಫ್ಲಾಸ್ಕಿನಲ್ಲಿ ಬಿಸಿನೀರು, ಗಟ್ಟಿ ಮಾಡಲು ಒಂದು ಬೋಗುಣಿ ತಣ್ಣೀರು. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಊಟದ ತಟ್ಟೆ ಮುಚ್ಚಿದ ಹಾಗೇ ಇತ್ತು.

ಡಾಕ್ಟರಮ್ಮ ಮೇಣದ ಸೆಟ್ಟನ್ನು ದೊಡ್ಡಮ್ಮನ ಬಾಯಿಗೆ ಹಾಕಿ ಎಚ್ಚರಿಸಿದಳು: "ಕಚ್ಚಬೇಡಿ ಅಜ್ಜಿ, ಇದು ಬರೀ ಮೇಣ." ದೊಡ್ಡಮ್ಮ ಮೊದಲ ಸಾಲು ಓದಿದರು.

ಮಾವ ತಿರುಗಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಗೋಡೆಗೇ ಹೇಳಿದ ಹಾಗೆ ಹೇಳಿದರು: "ಕರಕರ ಅಂತಿದೆ."

"ಏನು ಮಾವ?"

"ಸ್ಟೇಷನ್ ಸರಿಯಾಗಿ ಕೂತಿಲ್ಲ. ಯಾರ ರೇಡಿಯೋ ತಂದಿದ್ದೀರಿ?"

ಹಲ್ಲಕ್ಕ ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ ಹುಬ್ಬು ಹಾರಿಸಿದರು. ಅಲ್ಲ ಎಂದು ತಿದ್ದುವ ಧೈರ್ಯ ಯಾರಿಗೂ ಬರಲಿಲ್ಲ. "ಸರಿ ಮಾಡಬೇಕು ಮಾವ," ಎಂದಳು ಹಲ್ಲಕ್ಕ. ಅದು ಸುಳ್ಳೂ ಆಗಿರಲಿಲ್ಲ. "ನೀವು ಕೇಳಿ ಹೇಳಿ, ನಾನು ತಿರುಗಿಸ್ತೀನಿ."

ಮಾವ ಮೊಣಕೈ ಊರಿ ಎದ್ದು ಕೂತರು. ಭಾನುವಾರದಿಂದ ಅವರು ಎದ್ದು ಕೂತದ್ದು ಇದೇ ಮೊದಲು. "ಒರಟೊರಟಾಗಿ ತಿರುಗಿಸಬೇಡ. ಉಗುರಿನಷ್ಟು. ಉಗುರಿನಷ್ಟೂ ಬೇಡ."

ಹಲ್ಲಕ್ಕ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಮುಂದಿನ ಎರಡು ಹಲ್ಲುಗಳ ಬುಡದ ಮೇಣ ಮೆದುಮಾಡಿ, ಕೂದಲೆಳೆಯಷ್ಟು ಬೇರೆ ಮಾಡಿ, ತಣ್ಣೀರಿನಲ್ಲಿ ಮುಳುಗಿಸಿ ಕೊಟ್ಟಳು. ಡಾಕ್ಟರಮ್ಮ ಬಾಯಿಗೆ ಹಾಕಿದಳು. ದೊಡ್ಡಮ್ಮ ಅದೇ ಸಾಲು ಓದಿದರು.

"ಇನ್ನೂ ದೂರ ಇದೆ," ಎಂದರು ಮಾವ.

ಮತ್ತೆ ಚಾಕು, ಮತ್ತೆ ತಣ್ಣೀರು, ಮತ್ತೆ ಅದೇ ಸಾಲು. ಪಕ್ಕದ ಮಂಚದವರೂ ಕತ್ತು ಎತ್ತಿ ಕೇಳತೊಡಗಿದರು. ಔಷಧದ ಗಾಡಿ ತಳ್ಳಿಕೊಂಡು ಬಂದ ನರ್ಸು ಗಾಡಿ ನಿಲ್ಲಿಸಿದಳು. ಮಾವ ಎರಡು ಬೆರಳನ್ನು ಗಾಳಿಯಲ್ಲಿ ಹಿಡಿದು ಇಲ್ಲದ ಗುಂಡಿಯನ್ನು ತಾವೂ ತಿರುಗಿಸುತ್ತಿದ್ದರು. ಅವರ ಮುಖದಲ್ಲಿ ದುಃಖ ಇರಲಿಲ್ಲ, ಕೆಲಸ ಇತ್ತು.

"ಹಾಂ, ಹತ್ತಿರ ಬಂತು. ಇನ್ನೊಂದು ಸ್ವಲ್ಪ... ಅಯ್ಯೋ, ದಾಟಿಬಿಟ್ಟೆಯಲ್ಲೇ! ಹಿಂದೆ ಬಾ, ಹಿಂದೆ ಬಾ."

ಹಲ್ಲಕ್ಕ ಹಿಂದೆ ಬಂದಳು. ಚಾಕು ಜಾರದ ಹಾಗೆ ಅಂಗೈಯನ್ನು ಮಂಚದ ಕಬ್ಬಿಣಕ್ಕೆ ಒತ್ತಿ ಹಿಡಿದಳು. ಪ್ರಾರ್ಥನೆಗೆ ಮಾತು ಸಿಗಲಿಲ್ಲ. ಊಟ ಕೊಡು ಎನ್ನುವುದಷ್ಟೇ ಬಾಯಿಗೆ ಬಂತು.

ದೊಡ್ಡಮ್ಮ ಮತ್ತೆ ಓದಿದರು.

ಮಾವನ ಬೆರಳುಗಳು ಗಾಳಿಯಲ್ಲೇ ನಿಂತವು. "ತಡಿ," ಎಂದರು. "ಮುಟ್ಟಬೇಡ." ಹುಬ್ಬು ಗಂಟಿಕ್ಕಿತು. "ಈ ದನಿ... ಇದು ಯಾವ ಸ್ಟೇಷನ್ನು? ಇನ್ನೊಂದ್ಸಲ ಹಾಕು. ಅಲ್ಲ, ಸ್ವಲ್ಪ ಜೋರಾಗಿ. ಅಲ್ಲ, ಅಷ್ಟು ಜೋರು ಬೇಡ..."

ಅಷ್ಟು ಹೊತ್ತು ತಾಳ್ಮೆ ಹಿಡಿದಿದ್ದ ದೊಡ್ಡಮ್ಮನಿಗೆ ಅಲ್ಲಿ ಕಟ್ಟೆ ಒಡೆಯಿತು.

"ಸಾಕು ಸುಮ್ನಿರೋ, ಸೋಮಾರಿ ಸಾಮ್ರಾಟ! ಊಟ ಬಿಟ್ಟು ಮಲಗಿದ್ದೀಯಂತೆ? ನಾಚಿಕೆ ಆಗಲ್ವಾ ನಿನಗೆ? ಸಣ್ಣ ಮಗುವಾ ನೀನು?"

ಮಾವ ಆ ಬೈಗುಳವನ್ನು ನೀರು ಕುಡಿದ ಹಾಗೆ ಒಳಗೆ ಎಳೆದುಕೊಂಡರು. ತುಟಿ ಅದುರಿತು.

"ಅಕ್ಕ," ಎಂದರು. "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?"

"ಹಲ್ಲು ಕಟ್ಟಿಸ್ಕೊಳ್ಳೋಕೆ."

"ನೀನು ಸತ್ತುಹೋದೆ ಅಂತ ಇವಳು ಹೇಳಿದ್ಲು."

"ನಾನೆಲ್ಲಿ ಹೇಳಿದೆ ಮಾವ!" ಎಂದಳು ಹಲ್ಲಕ್ಕ, ಅಳುತ್ತಾ ನಗುತ್ತಾ.

"ಹೇಳಿದ್ಲು ಬಿಡು, ಹೇಳಲಿ," ಎಂದರು ದೊಡ್ಡಮ್ಮ, ತಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು. "ನಿನಗೊಂದು ಗತಿ ಕಾಣಿಸದೆ ನನಗೆ ಸಾಯೋಕೂ ಪುರುಸೊತ್ತಿಲ್ಲ. ಬಾಯಿ ತೆಗಿ."

ನರ್ಸು ಆಗಲೇ ತಟ್ಟೆಯ ಮುಚ್ಚಳ ತೆಗೆದಿದ್ದಳು. ದೊಡ್ಡಮ್ಮ ಗಂಜಿ ಕುಡಿಸಿದರು. ಒಂದೊಂದು ಚಮಚಕ್ಕೂ ಒಂದು ಬೈಗುಳ, ನಡುನಡುವೆ ಕೀರ್ತನೆಯ ಒಂದೊಂದು ಸಾಲು. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತಿತ್ತೋ ಹೇಳುವುದು ಕಷ್ಟವಿತ್ತು. ಮೇಣ ಎಲ್ಲಿ ಮೆತ್ತಗಾಗುತ್ತದೋ ಎಂದು ಡಾಕ್ಟರಮ್ಮ ಕೈಸನ್ನೆ ಮಾಡುತ್ತಲೇ ಇದ್ದಳು. ದೊಡ್ಡಮ್ಮ ಅವಳ ಕಡೆ ತಿರುಗಿಯೂ ನೋಡಲಿಲ್ಲ. ತಟ್ಟೆ ಖಾಲಿಯಾದ ಮೇಲೆ, ನಾಳೆ ಮತ್ತೆ ಬರುತ್ತೀಯಾ ಎಂದು ಮಾವ ಕೇಳಿದರು. ಹಲ್ಲು ಗಟ್ಟಿ ಮಾಡಿಸಿಕೊಂಡು ಸೋಮವಾರ ಬರುತ್ತೇನೆ, ಅಲ್ಲಿಯ ತನಕ ಹುಡುಗಿ ಊಟ ತರುತ್ತಾಳೆ, ತಿನ್ನದೇ ಇದ್ದರೆ ಬರುವುದೇ ಇಲ್ಲ ಎಂದು ದೊಡ್ಡಮ್ಮ ಗದರಿಸಿದರು.

ಹೊರಗಿನ ಮೆಟ್ಟಿಲ ಮೇಲೆ ಅವರು ಮೇಣದ ಸೆಟ್ಟನ್ನು ತೆಗೆದು ತಾವೇ ಹಲ್ಲಕ್ಕನ ಡಬ್ಬಿಗೆ ಇಟ್ಟರು. ಸೆರಗಿನಿಂದ ಅವಳ ಕಣ್ಣು ಒರೆಸಿ, ಬೊಚ್ಚುಬಾಯಲ್ಲೇ ಜೋರಾಗಿ ನಕ್ಕರು. ಕೈ ಅಡ್ಡ ಇಟ್ಟುಕೊಳ್ಳುವುದನ್ನು ಮರೆತಿದ್ದರು.

ಲ್ಯಾಬಿಗೆ ಹಿಂದಿರುಗಿದ ಮೇಲೆ ಹಲ್ಲಕ್ಕ ಡಬ್ಬಿಯಿಂದ ಸೆಟ್ಟನ್ನು ಹಕ್ಕಿಮರಿಯನ್ನು ಎತ್ತುವ ಹಾಗೆ ಎತ್ತಿ ಪ್ಲಾಸ್ಟರಿನ ಮೇಲೆ ಕೂರಿಸಿದಳು. ಅಕ್ರಿಲಿಕ್‌ಗೆ ಹಾಕುವ ಮೊದಲು ಅಳತೆ ತೆಗೆದಿಟ್ಟುಕೊಳ್ಳಬೇಕು. ಕ್ಯಾಲಿಪರಿನ ಎರಡು ಮೊನೆಗಳನ್ನು ಮುಂದಿನ ಹಲ್ಲುಗಳ ನಡುವೆ ಇಳಿಸಿ, ದೀಪದ ಕೆಳಗೆ ಬಾಗಿ ಓದಿದಳು. ಸರಿಯಾಗಿ ಓದಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಓದಿದಳು. ಕಿಂಡಿಯ ಅಗಲ 1.8 ಮಿಲಿಮೀಟರ್.